ಅಂಟಿಕೊಂಡಿದ್ದ ಏಳು ಹಲ್ಲು

ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರೂ ತಾಲೂಕು ಜರಡಿ ಹಿಡಿದು ಸೋಸಿದರೂ ಕೊನೊಡಾಂಟ್ ಎಂದರೆ ಏನೆಂದು ಗೊತ್ತಿರುವವರು ಇಬ್ಬರೇ ಸಿಕ್ಕಾರು. ಒಬ್ಬ ನಾನು. ಇನ್ನೊಬ್ಬರು ಬ್ರಹ್ಮಾವರದಿಂದ ಕೊಕ್ಕರ್ಣೆಗೆ ಹೋಗುವ ರಸ್ತೆಯಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮ ಸಾಹೇಬರು. ಅವರು ವಿಜ್ಞಾನಿ, ನಾನು ಅವರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಇಬ್ಬರಿಗೂ ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಇಬ್ಬರಲ್ಲಿ ತಾವೇ ಮೊದಲನೆಯವರು ಎಂದು ಅವರ ನಂಬಿಕೆ. ನಾನು ಒಪ್ಪುವವನಲ್ಲ. ಅವರಿಗೆ ಅದರ ಹೆಸರು ಗೊತ್ತು, ನನಗೆ ಅದರ ರುಚಿಯೂ ಗೊತ್ತು.

ಸುಳ್ಳು ಹೇಳುತ್ತಿಲ್ಲ. ಕೊನೊಡಾಂಟ್ ಎಂದರೆ ಐವತ್ತು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಓಡಾಡಿಕೊಂಡಿದ್ದ, ಹಾವುಮೀನಿನಂಥ ಒಂದು ಸಣ್ಣ ಜೀವಿ. ಮೈಯಲ್ಲಿ ಮೂಳೆ ಇಲ್ಲ, ಮುಳ್ಳಿಲ್ಲ. ಸತ್ತರೆ ಮೈಯೆಲ್ಲ ಕರಗಿ ಹೋಗುತ್ತದೆ. ಉಳಿಯುವುದು ಬಾಯೊಳಗಿನ ಹಲ್ಲಿನಂಥ ಚೂರುಗಳು ಮಾತ್ರ. ಒಂದೊಂದೂ ಉಪ್ಪಿನ ಹರಳಿಗಿಂತ ಸಣ್ಣದು. ಹಿಮಾಲಯದಿಂದ ತಂದ ಸುಣ್ಣಕಲ್ಲನ್ನು ಜಜ್ಜಿ, ವಿನೆಗರ್‌ನಂಥದೇ ಹುಳಿ ದ್ರಾವಣದ ಬಕೆಟಿನಲ್ಲಿ ದಿನಗಟ್ಟಲೆ ನೆನೆಹಾಕಿದರೆ ಕಲ್ಲು ಕರಗುತ್ತದೆ, ಹಲ್ಲು ಕರಗುವುದಿಲ್ಲ. ಅಡಿಯಲ್ಲಿ ಉಳಿದ ರಾಡಿಯನ್ನು ತೊಳೆದು, ಒಣಗಿಸಿ, ಕಪ್ಪು ತಟ್ಟೆಯ ಮೇಲೆ ಉದುರಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಂದೊಂದೇ ಹಲ್ಲನ್ನು ಹೆಕ್ಕಬೇಕು. ಹೆಕ್ಕುವುದು ನಾಲ್ಕೇ ನಾಲ್ಕು ಕೂದಲಿನ ಕುಂಚದಿಂದ. ಕುಂಚ ಒದ್ದೆಯಾಗಿರಬೇಕು. ಪಕ್ಕದಲ್ಲಿ ನೀರಿನ ಬಟ್ಟಲು ಇರುತ್ತಿತ್ತು, ಆದರೆ ನಾಲಿಗೆಯಷ್ಟು ಹತ್ತಿರ ಬೇರೆ ಯಾವುದಿದೆ? ಹಾಗೆ ಕುಂಚ ನೆಕ್ಕಿ ನೆಕ್ಕಿ ನಾನು ನುಂಗಿದ ಹಲ್ಲುಗಳು ಎಷ್ಟೆಂದು ದೇವರೇ ಬಲ್ಲ. ಐವತ್ತು ಕೋಟಿ ವರ್ಷ ಹಳೆಯದನ್ನು ತಿಂದು ಅರಗಿಸಿಕೊಂಡ ಇನ್ನೊಬ್ಬ ಗಂಡಸು ಈ ಕರಾವಳಿಯಲ್ಲಿ ಇದ್ದರೆ ಮುಂದೆ ಬರಲಿ.

ಆದರೆ ಈ ಪ್ರತಾಪವನ್ನು ಹೇಳಿಕೊಳ್ಳುವುದು ಯಾರ ಹತ್ತಿರ? ಕುಂದಾಪುರ ಪೇಟೆಯಲ್ಲಿ ಒಂದು ಅಂಗಡಿಯ ಮಾಳಿಗೆಯಲ್ಲಿ ನನ್ನ ಬಾಡಿಗೆ ಕೋಣೆ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ನಾನು ಮಾಡಿದ ತಮಾಷೆಗೆ ಹೆಣ್ಣು ನಕ್ಕಳು, ಅಪ್ಪ ನಗಲಿಲ್ಲ. ಬೆಳಗ್ಗೆ ತಿಂಡಿಗೆ ಹೋಗುವ ಹೋಟೆಲಿನಲ್ಲಿ ಒಮ್ಮೆ ಎದುರು ಕುಳಿತವರಿಗೆ ಕೊನೊಡಾಂಟಿನ ಬಗ್ಗೆ ಅರ್ಧ ಗಂಟೆ ವಿವರಿಸಿದೆ. ಅವರು ಬನ್ಸ್ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಹಲ್ಲಿಂದ್ ತೊಂದ್ರೆ ಆರೆ ಸೆಟ್ಟೇ ಹಾಕ್ಸ್ಕಣಿ ಮಾರ್ರೆ. ನಮ್ಮ್ ಬಾವಂಗೂ ಅದೇ ಒಳ್ಳೆದಾಯ್ತ್" ಎಂದು ಎದ್ದು ಹೋದರು. ಅಂದಿನಿಂದ ನಾನು ಆ ಹೋಟೆಲಿನಲ್ಲಿ ಮಳೆ, ಮೀನು, ಕ್ರಿಕೆಟ್, ಇಷ್ಟೇ ಮಾತಾಡುವುದು.

ಹಾಗಾಗಿ ನನಗೆ ಉಳಿದಿರುವುದು ಸಾಹೇಬರು ಒಬ್ಬರೇ. ಅಂಥ ಒಬ್ಬರಿಂದ ನಾನು ಇಪ್ಪತ್ತೆರಡು ವರ್ಷ ಒಂದು ವಿಷಯ ಮುಚ್ಚಿಟ್ಟೆ. ಹೇಳದಿದ್ದರೆ ಅವರ ಕೆಲಸ ಸುಳ್ಳಾಗುತ್ತದೆ, ಹೇಳಿದರೆ ಅವರು ನನ್ನ ಮುಖ ನೋಡುವುದಿಲ್ಲ. ಇದನ್ನು ಬರೆಯಲು ಕುಳಿತದ್ದೇ ಆ ವಿಷಯಕ್ಕೆ.

ನಾನು ಹುಟ್ಟಿದ್ದು ಹೆಮ್ಮಾಡಿಯಲ್ಲಿ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಬೀಜದ ಮೇಲೆ ಅಂಟಿಕೊಂಡ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ ಬಿಡಿಸುವುದು ಅವಳ ಕೆಲಸ. ತುಂಡಾದ ಬೀಜಕ್ಕೆ ಮರ್ಯಾದೆ ಇಲ್ಲ. ಅಮ್ಮನ ಕೈಯಲ್ಲಿ ತುಂಡಾಗುವುದು ಅಪರೂಪ. ಆ ಕೈ ನನಗೆ ಬಂತು. ನಾನು ಕುಂದಾಪುರದ ಒಂದು ವಾಚ್ ರಿಪೇರಿ ಅಂಗಡಿ ಸೇರಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲಿನಷ್ಟು ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದರೆ ನನ್ನ ಉಸಿರೂ ನನ್ನ ಮಾತು ಕೇಳುತ್ತಿತ್ತು. ಒಂದು ದಿನ ಬೈಂದೂರಿನ ಕಡೆಯ ಒಬ್ಬರು ರಜೆಯಲ್ಲಿ ಊರಿಗೆ ಬಂದವರು ನಿಂತ ವಾಚು ತಂದರು. ನಾನು ಕೆಲಸ ಮಾಡುವುದನ್ನು ಮುಗಿಯುವವರೆಗೂ ನಿಂತು ನೋಡಿದರು. ವಾಚು ಕೈಗೆ ಕೊಟ್ಟಾಗ ಅದನ್ನು ನೋಡಲಿಲ್ಲ, ನನ್ನ ಬೆರಳು ನೋಡಿದರು.

"ಹ್ವಾಯ್, ಉತ್ತರ ಭಾರತಕ್ಕೆ ಬತ್ಯಾ? ಹಲ್ಲ್ ಹೆಕ್ಕು ಕೆಲ್ಸ ಇತ್ತ್."

"ಯಾರ್ ಹಲ್ಲ್ ಸಾರ್?"

"ಅದೇ ಗೊತ್ತಿಲ್ಲೆ ಮಾರಾಯಾ. ಅದನ್ನ್ ಕಂಡ್ ಹಿಡುಕೇ ಸಂಬ್ಳ."

ಅವರೇ ಸಾಹೇಬರು, ಹೀಗೆ ಶುರುವಾದದ್ದು. ಆ ದೂರದ ಊರಿನಲ್ಲಿ, ಚಳಿಗಾಲದಲ್ಲಿ ಬೆರಳು ಸೆಟೆಯುವ ಆ ಕೋಣೆಯಲ್ಲಿ, ನಾವಿಬ್ಬರೇ ಕುಂದಾಪ್ರ ಕನ್ನಡ ಆಡುವವರು. ಉಳಿದವರಿಗೆ ನಾವು ಜಗಳವಾಡುತ್ತಿದ್ದೇವೆ ಎಂದೇ ತೋರುತ್ತಿತ್ತು. ಎಷ್ಟೋ ಸಲ ಅದು ನಿಜವೂ ಆಗಿತ್ತು. ನಾನು ಹಲ್ಲು ಎಂದರೆ ಅವರು ತಿದ್ದುತ್ತಿದ್ದರು.

"ಹಲ್ಲ್ ಅನ್ಬೇಡ. ಎಲಿಮೆಂಟ್ ಅನ್ನ್. ಹಲ್ಲಿನ್ ಕೆಲ್ಸ ಮಾಡ್ತಿತ್ತ್ ಅಂತ ನಿಂಗೆ ಯಾರ್ ಹೇಳ್ದ್ರ್?"

"ಬಾಯಗೆ ಇದ್ದದ್ದ್ ಹಲ್ಲ್ ಅಲ್ದೆ ಮತ್ತೆಂತ ಸಾರ್, ಎಲಿ ಅಡ್ಕಿಯಾ?"

ಅವರು ಕಲಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಈ ವಂಶದಲ್ಲಿ ತಡವಾಗಿ ಬಂದವಕ್ಕೆ ಬಾಯೊಳಗೆ ಹದಿನೈದು ಎಲಿಮೆಂಟ್, ನಾನಾ ಆಕಾರ. ಕೆಲವು ಬಾಚಣಿಗೆಯ ಹಾಗೆ, ಕೆಲವು ಮುಳ್ಳಿನ ಗೆಲ್ಲಿನ ಹಾಗೆ. ಆದರೆ ನಮ್ಮ ಸುಣ್ಣಕಲ್ಲಿನಲ್ಲಿ ಸಿಗುತ್ತಿದ್ದವು ಶುರುಶುರುವಿನವು. ಅವೆಲ್ಲ ಬರೀ ಕೊಂಬುಗಳು. ಎಲೆಯನ್ನು ಸುರುಳಿ ಸುತ್ತಿದ ಕೊಟ್ಟೆಯನ್ನು ತುದಿ ಹಿಡಿದು ಹಿಂದಕ್ಕೆ ಬಗ್ಗಿಸಿದರೆ ಹೇಗೆ, ಹಾಗೆ. ಬುಡ ಅಗಲ, ಬುಡದೊಳಗೆ ಪೊಳ್ಳು, ತುದಿ ಚೂಪು. ಅತಿ ಹಳೆಯವುಗಳಲ್ಲಿ ಪದರಗಳು ಬುಡದ ಕಡೆಗಷ್ಟೇ ಸೇರುತ್ತ ಹೋಗುತ್ತವೆ, ತುದಿ ಹುಟ್ಟಿದಾಗ ಹೇಗಿತ್ತೋ ಹಾಗೇ. ಆಮೇಲೆ ಬಂದ ನಿಜವಾದ ಕೊನೊಡಾಂಟಿನಲ್ಲಿ ಪೊಳ್ಳು ತುಂಬುವ ಬುಡದ ಭಾಗವೊಂದು, ಅದರ ಮೇಲೆ ಟೊಪ್ಪಿಯ ಹಾಗೆ ಕೂರುವ ಹೊಳೆಯುವ ಭಾಗ ಇನ್ನೊಂದು. ಈ ಟೊಪ್ಪಿ ಮಾತ್ರ ತುದಿಯನ್ನೂ ಸೇರಿಸಿ ಪದರದ ಮೇಲೆ ಪದರ ಹೊದ್ದುಕೊಂಡು ಬೆಳೆಯುತ್ತದೆ, ನೀರುಳ್ಳಿಯ ಹಾಗೆ. ಕೆಲವು ಕೊಂಬು ಉರುಟು, ಎಂದರೆ ದುಂಡಗೆ, ಕೆಲವು ಪಕ್ಕ ಒತ್ತಿದ ಹಾಗೆ ಚಪ್ಪಟೆ, ಕೆಲವಕ್ಕೆ ಉದ್ದಕ್ಕೆ ಎದ್ದು ನಿಂತ ಗೆರೆಯಂಥ ಏಣು. ಬಣ್ಣ ತೆಳು ಜೇನಿನಿಂದ ಹಿಡಿದು ಕಪ್ಪಿನವರೆಗೆ. ಕಲ್ಲು ನೆಲದೊಳಗೆ ಎಷ್ಟು ಬೆಂದಿದೆಯೋ ಹಲ್ಲು ಅಷ್ಟು ಕಪ್ಪು.

ಕೆಲಸದ ನಿಯಮವೂ ಸರಳ. ಹೆಕ್ಕಿದ್ದನ್ನು ರಟ್ಟಿನ ಸ್ಲೈಡಿನ ನಂಬರು ಹಾಕಿದ ಚೌಕಗಳಲ್ಲಿ ಆಕಾರಕ್ಕೆ ತಕ್ಕಂತೆ ಇಡಬೇಕು. ಉರುಟಿನದು ಉರುಟಿನ ಜೊತೆ, ಏಣಿನದು ಏಣಿನ ಜೊತೆ. ಹೀಗೆ ವಿಂಗಡಿಸುವುದರಲ್ಲಿ ನನ್ನ ಸಮಾನರಿಲ್ಲ ಎಂದು ನಾನೇ ಹೇಳುತ್ತಿದ್ದೆ, ಬೇರೆ ಯಾರಾದರೂ ಹೇಳುವವರೆಗೆ ಕಾಯುವುದು ನನ್ನ ಜಾಯಮಾನವಲ್ಲ.

ನನ್ನ ಚೇಷ್ಟೆಯ ವಿಷಯವನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಮ್ಮೆ ರಜೆಗೆ ಊರಿಗೆ ಬಂದಾಗ ಕುಂದಾಪುರದ ಮೀನುಪೇಟೆಯಲ್ಲಿ ಒಣಗಿದ ಅರಣೆ ಮೀನಿನ ಮಂಡಿ, ಎಂದರೆ ತಲೆ, ಕೇಳಿದೆ. ಅದರ ಬಾಯ್ತುಂಬ ಸೂಜಿ ಸೂಜಿ ಹಲ್ಲು. ಮಾರುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರೀ ಮಂಡಿ ಎಂತಕ್ಕೆ ಅಣ್ಣಾ? ಬೆಕ್ಕ್ ಸಾಕಿದ್ರ್ಯಾ?"

"ಬೆಕ್ಕಲ್ಲ, ದೊಡ್ಡ ವಿಜ್ಞಾನಿ ಒಬ್ರನ್ನ್ ಸಾಕಿದೆ."

"ಪಾಪ, ಅವ್ರಿಗೆ ಬರೀ ಮಂಡಿ ಹಾಕುದಾ? ಒಂದ್ ಇಡೀ ಮೀನ್ ಆರೂ ತಕಂಡ್ ಹೋಯ್ನಿ."

ವಾಪಸು ಹೋದವನು ಅದರ ಒಂದು ಹಲ್ಲಿನ ತುದಿ ಮುರಿದು, ಚಾದಲ್ಲಿ ಅದ್ದಿ ಬಣ್ಣ ಬರಿಸಿ, ಸಾಹೇಬರ ಸ್ಲೈಡಿನಲ್ಲಿ ಏಣಿಲ್ಲದ ಕೊಂಬುಗಳ ನಡುವೆ ಇಟ್ಟೆ. ಅವರು ಅದನ್ನು ಕಂಡು ಊಟ ಬಿಟ್ಟರು. ಬುಡ ಅಳೆದರು, ಬಾಗು ಅಳೆದರು, ಚಿತ್ರ ಬರೆದರು. ಪೊಳ್ಳು ಇಷ್ಟು ಆಳ ಯಾಕೆ ಎಂದು ಸಂಜೆಯವರೆಗೆ ತಲೆ ಕೆರೆದುಕೊಂಡರು. ಆ ಕಾಲಕ್ಕೆ ಅವರ ದೊಡ್ಡ ದುಃಖ ಎಂದರೆ ನಮ್ಮ ಕಲ್ಲಿನಲ್ಲಿ ಹಲ್ಲು ಸಿಗುತ್ತದೆ, ಪ್ರಾಣಿಯ ಮೈ ಸಿಗುವುದಿಲ್ಲ ಎನ್ನುವುದು. ಸಂಜೆ ನಾನು ಆ ಒಣ ಮೀನಿನ ತಲೆಯನ್ನು ಪೇಪರಿನಲ್ಲಿ ಸುತ್ತಿ ಅವರ ಮೇಜಿನ ಮೇಲೆ ಇಟ್ಟೆ.

"ಸಾರ್, ಪ್ರಾಣಿಯ ಉಳ್ದ ಭಾಗ ಸಿಕ್ಕ್ತ್."

ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಮ್ಮಷ್ಟಕ್ಕೆ ನಗಲು ಶುರು ಮಾಡಿ ನಿಲ್ಲಿಸಲಾಗದೆ ಹೊರಗೆ ಹೋದರು. ಆಮೇಲೆ ನಾನು ಏನು ಹೇಳಿದರೂ ಮೊದಲು, "ಇದ್ ಹೌದಾ, ಅರಣೆ ಮೀನಾ?" ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು.

ಇನ್ನು ಆ ಶನಿವಾರ. ಸಾಹೇಬರ ತಾಯಿಗೆ ಹುಷಾರಿಲ್ಲವೆಂದು ಅವರು ಬೈಂದೂರಿಗೆ ಹೋಗಿದ್ದರು. ಬರುವುದರೊಳಗೆ ಇಡೀ ತಟ್ಟೆ ಮುಗಿಸಿ ತೋರಿಸುತ್ತೇನೆಂದು ನಾನು ಪಂಥ ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆಯ ಮೂಲೆಯಲ್ಲಿ ಒಂದು ಗಂಟು ಕಂಡಿತು. ಏಳು ಕೊಂಬುಗಳು ಒಂದರ ಪಕ್ಕ ಒಂದು ಅಂಟಿಕೊಂಡು, ಎಲ್ಲದರ ತುದಿಯೂ ಒಂದೇ ಕಡೆಗೆ ಬಾಗಿ, ಬಾಳೆಯ ಚಿಪ್ಪಿನ ಹಾಗೆ ಕುಳಿತಿದ್ದವು. ಉರುಟಿನದೂ ಏಣಿನದೂ ಚಪ್ಪಟೆಯದೂ ಒಟ್ಟಿಗೆ. ನನಗೆ ಅನಿಸಿದ್ದು ಒಂದೇ: ಗಲೀಜು. ಕಲ್ಲಿನ ಅಂಟು ಸರಿಯಾಗಿ ಬಿಟ್ಟಿಲ್ಲ, ಯಾವುದನ್ನು ಯಾವ ಚೌಕದಲ್ಲಿ ಇಡುವುದು?

ಅಂಟಿಕೊಂಡದ್ದನ್ನು ತುಂಡಾಗದೆ ಬಿಡಿಸುವುದು ನಮ್ಮ ಮನೆಯ ವಿದ್ಯೆ. ಒಂದು ತೊಟ್ಟು ನೀರು ಬಿಟ್ಟು, ಸೂಜಿಯ ತುದಿಯನ್ನು ಎರಡು ಕೊಂಬುಗಳ ಸಂದಿಗೆ ಇಟ್ಟು, ಉಸಿರು ಹಿಡಿದು ಒತ್ತಿದೆ. ಚಿಟ್ ಎಂಬ ಸದ್ದೂ ಇಲ್ಲ. ಒಂದು ಬಂತು. ಎರಡು ಬಂತು. ಕೊನೆಯದು ಹಟ ಮಾಡಿತು, ಅದರ ತುದಿ ಹೋಯಿತೋ ಎಂದು ಎದೆ ಹಾರಿತು. ಹೋಗಲಿಲ್ಲ. ಏಳಕ್ಕೆ ಏಳೂ ಇಡಿಯಾಗಿ ಬಂದವು. ಏಳನ್ನೂ ಅವುಗಳ ಆಕಾರದ ಚೌಕದಲ್ಲಿ ಇಟ್ಟು ನಾನು ಎದ್ದು ನಿಂತು ಬೆನ್ನು ಚಾಚಿದೆ. ಅಮ್ಮ ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

ಸಾಹೇಬರು ಬಂದು ಎರಡು ದಿನಕ್ಕೆ, ಚಾ ಕುಡಿಯುತ್ತ ಹೇಳಿದರು.

"ಬೇರೆ ದೇಶದಗೆ ಕೆಲವ್ ಕಡೆ ಈ ಕೊಂಬ್ ಒಂದಕ್ಕೊಂದ್ ಅಂಟಿಕಂಡೇ ಸಿಕ್ಕುದಿತ್ತ್, ಗೊತ್ತಿತ್ತಾ? ಒಂದೇ ಪ್ರಾಣಿದ್. ಬಾಯಗೆ ಹ್ಯಾಂಗ್ ಇತ್ತೋ ಹಂಗೇ. ಯಾವ್ದರ್ ಪಕ್ಕ ಯಾವ್ದ್ ಅಂತ ಅದೇ ಹೇಳತ್ತ್. ನಾವ್ ಆಕಾರಕ್ಕೊಂದ್ ಹೆಸ್ರ್ ಇಟ್ಟ್ಕಂಡ್ ಕೂತಿತ್, ಅವೆಲ್ಲ ಒಂದೇ ಬಾಯಿದ್ ಆಯಿಕೂ ಸಾಕ್. ಅಂಥದ್ದ್ ಒಂದೇ ಒಂದ್ ನಮ್ಗ್ ಸಿಕ್ಕ್ರೆ, ಮರ್ದಿನವೇ ರಿಟೈರ್ ಆತೆ ಕಾಣ್."

ಲೋಟ ಕೆಳಗಿಟ್ಟೆ. ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ.

"ನೀವ್ ರಿಟೈರ್ ಆಪುದ್ ಬೇಡ ಅಂದೇ ಅದ್ ಸಿಕ್ತಿಲ್ಲೆ ಸಾರ್."

ಅವರು ನಕ್ಕರು. ನಾನೂ ನಕ್ಕೆ. ಹೇಳುವ ಹೊತ್ತು ಅಲ್ಲಿಗೆ ದಾಟಿ ಹೋಯಿತು. ಆಮೇಲೆ ಅವರು ಉಳಿದ ವರ್ಷಗಳೆಲ್ಲ ಅಂಥದೊಂದು ಗಂಟಿಗಾಗಿ ಬಕೆಟ್ಟಿನ ಮೇಲೆ ಬಕೆಟ್ಟು ಕಲ್ಲು ನೆನೆಸಿದರು. ನಾನು ಹೆಕ್ಕಿದೆ. ಸಿಗಲಿಲ್ಲ.

ನಿವೃತ್ತಿಯ ನಂತರ ಪ್ರತಿ ಗುರುವಾರ ನಾನು ಕುಂದಾಪುರದಿಂದ ಬಸ್ಸು ಹತ್ತಿ ಬ್ರಹ್ಮಾವರದಲ್ಲಿ ಇಳಿದು ಅವರ ಮನೆಗೆ ಹೋಗುವುದು. ಕಳೆದ ವರ್ಷ ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಒಂದು ಯೋಚನೆ ಹೇಳಿದರು. ಹಳೆಯ ಸಂಸ್ಥೆಯಿಂದ ಸ್ಲೈಡುಗಳನ್ನು ಎರವಲು ತರಿಸಿದ್ದರು. ಬಿಡಿ ಬಿಡಿಯಾಗಿರುವ ಕೊಂಬುಗಳಲ್ಲಿ ಯಾವ್ಯಾವುದು ಒಂದೇ ಪ್ರಾಣಿಯ ಬಾಯಿಯವು, ಹೇಗೆ ಜೋಡಿಸಿಕೊಂಡಿದ್ದವು ಎಂದು ಸಾಯುವುದರೊಳಗೆ ಒಂದು ಬರಹ ಬರೆಯಬೇಕು. ಕಣ್ಣು ನನ್ನದು, ತಲೆ ಅವರದು. ನನಗೆ ವಾರದಲ್ಲಿ ಒಂದು ದಿನ ಮನುಷ್ಯನಾಗಿ ಕೂರಲು ಜಾಗವಾಯಿತು. ಅಕ್ಕ, ಎಂದರೆ ಸಾಹೇಬರ ಹೆಂಡತಿ, ಚಾ ತಂದಿಟ್ಟು, "ಮತ್ತೆ ಅದೇ ಧೂಳ್ ಹೆಕ್ಕುಕೆ ಕೂತ್ರ್ಯಾ? ನಮ್ಮ್ ಅಕ್ಕಿ ಆರೂ ಒಂದ್ಚೂರ್ ಹೆಕ್ಕಿಕೊಡಿ" ಎನ್ನುತ್ತಿದ್ದರು.

ತಿಂಗಳುಗಳು ಕಳೆದವು. ಸಾಹೇಬರು ಒಂದು ತೀರ್ಮಾನಕ್ಕೆ ಬಂದರು. ಉರುಟಿನದು ಒಂದು ಪ್ರಾಣಿ, ಏಣಿನದು ಇನ್ನೊಂದು, ಚಪ್ಪಟೆಯದು ಮೂರನೆಯದು, ಎಲ್ಲ ಬೇರೆ ಬೇರೆ. ಅದನ್ನು ನನಗೆ ಓದಿ ಹೇಳಿದರು. ತಪ್ಪು ಎಂದು ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ನಾನು ಆ ಮೂರನ್ನೂ ಒಂದೇ ಗಂಟಿನಿಂದ ಬಿಡಿಸಿದವನು.

ಇನ್ನೊಂದು ವಾರ ಬಿಟ್ಟಿದ್ದರೆ ಅದನ್ನು ಅಂಚೆಗೆ ಹಾಕುತ್ತಿದ್ದರು. ನಾನು ಹೇಳಿದೆ. ಶನಿವಾರದ ಕಥೆ, ನೀರಿನ ತೊಟ್ಟು, ಸೂಜಿ, ಏಳು ಕೊಂಬು, ಎಲ್ಲ.

ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದವರು ಕುರ್ಚಿಯ ಹಿಂದಕ್ಕೆ ವಾಲಿ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅರಣೆ ಮೀನಾಯ್ತ್, ಈಗ ಇದಾ? ಎಂಬತ್ತರ್ ಹತ್ರ ಬಂತ್ ನಂಗೆ, ಇನ್ನೂ ಬಿಡ್ತಿಲ್ಯಲ್ಲ ಮಾರಾಯಾ!"

ಒಳಗಿನಿಂದ ಅಕ್ಕ ಕೂಗಿದರು. "ಎಂತ ಆಯ್ತ್ ನಿಮ್ಗೆ, ಈ ನಮೂನಿ ನೆಗಾಡುಕೆ?"

"ಇವನ ಕಥಿ ಕೇಣ್ ಇಲ್ಲಿ! ಗಂಟ್ ಸಿಕ್ಕಿತ್ತಂಬ್ರ್, ಇವ ಬಿಡ್ಸಿ ಇಟ್ಟದ್ದಂಬ್ರ್!"

"ಸಾರ್, ಇದ್ ತಮಾಷೆ ಅಲ್ಲ."

"ಆ ಮೀನಿನ್ ದಿನವೂ ನೀ ಇದೇ ಮುಖ ಮಾಡಿದ್ದೆ."

ಅಷ್ಟು ನಕ್ಕವರನ್ನು ನೋಡಿ ನನಗೆ ಅಲ್ಲಿಗೇ ಬಿಡುವ ಆಸೆಯಾಯಿತು. ಬಿಟ್ಟಿದ್ದರೆ ಗುರುವಾರಗಳು ಉಳಿಯುತ್ತಿದ್ದವು. ತಮಾಷೆ ಎಂದು ಒಪ್ಪಿಕೊಂಡು ಚಾ ಕುಡಿದು ಎದ್ದು ಬರಬಹುದಿತ್ತು. ಮೇಜಿನ ಮೇಲೆ ಅವರು ಬರೆದ ಹಾಳೆಗಳು ಇದ್ದವು, ಕೆಳಗೆ ಸಹಿ ಕೂಡ ಹಾಕಿ ಆಗಿತ್ತು. ನಾನು ಆ ಹಳೆಯ ಸ್ಲೈಡನ್ನು ಎತ್ತಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ.

"ಏಳ್ ಹಲ್ಲೂ ಯಾವ ಚೌಕದಗೆ ಇತ್ತ್ ಅಂತ ಹೇಳ್ತೆ. ಒಂದೊಂದ್ರದ್ದೇ ಪಕ್ಕ ಕಾಣಿ. ಅಂಟಿದ್ದಲ್ಲಿ ಒರಟ್ ಕಲೆ ಇರತ್ತ್. ಬೇರೆ ಯಾವ್ದಕ್ಕೂ ಇಲ್ಲೆ."

ಅವರು ನಗುತ್ತಲೇ ಬಗ್ಗಿದರು. ಮೊದಲನೆಯ ಚೌಕ ನೋಡಿದರು. ಎರಡನೆಯದು. ಮೂರನೆಯದಕ್ಕೆ ನಗು ನಿಂತಿತು. ಹೊಳೆಯುವ ಕೊಂಬಿನ ಪಕ್ಕದಲ್ಲಿ ಉಜ್ಜಿದ ಹಾಗೆ ಮಂಕಾದ ಒಂದು ಜಾಗ, ಒಂದೊಂದರಲ್ಲೂ ಬುಡದ ಹತ್ತಿರವೇ, ಒಂದೇ ಎತ್ತರಕ್ಕೆ. ಐದಕ್ಕೆ ಎರಡೂ ಪಕ್ಕ. ಎರಡಕ್ಕೆ ಒಂದೇ ಪಕ್ಕ, ಎಂದರೆ ಅವು ಎರಡು ತುದಿಯವು. ಏಳನ್ನೂ ನೋಡಿದ ಮೇಲೆ ಮತ್ತೆ ಮೊದಲಿನಿಂದ ನೋಡಿದರು. ತಲೆ ಎತ್ತಲಿಲ್ಲ.

"ಇಪ್ಪತ್ತೆರಡ್ ವರ್ಷ," ಎಂದರು. "ನಾ ಎಷ್ಟ್ ಬಕೆಟ್ ಕಲ್ಲ್ ನೆನ್ಸ್ದೆ, ನೀ ಪಕ್ಕದಗೇ ಇದ್ದೆ."

"ಹೌದ್ ಸಾರ್."

"ಹೆದ್ರಿಕೆ ಆಯ್ತಾ?"

"ಮೊದ್ಲ್ ಹೆದ್ರಿಕೆ. ಮತ್ತೆ ಅಭ್ಯಾಸ ಆಯ್ತ್."

"ನೀ ಈಗ್ ಹೋಗ್."

ಅಕ್ಕ ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಅವರನ್ನು ದಾಟಿ ಹೊರಗೆ ಬಂದೆ.

ಮುಂದಿನ ಗುರುವಾರ ಕಾಲು ತಾನಾಗಿ ಬಸ್ ನಿಲ್ದಾಣಕ್ಕೆ ಹೋಯಿತು. "ಕೋಟ ಸಾಲಿಗ್ರಾಮ ಬ್ರಹ್ಮಾವರ ಉಡ್ಪಿ" ಎಂದು ಕಂಡಕ್ಟರು ಕೂಗುತ್ತಿದ್ದ. ನನ್ನನ್ನು ಕಂಡು, "ಬನ್ನಿ ಅಜ್ಜಾ, ಸೀಟ್ ಇತ್ತ್" ಎಂದ. ಎಷ್ಟೋ ವರ್ಷದ ಪರಿಚಯ, ನಾನು ಇಳಿಯುವ ಜಾಗ ಅವನಿಗೆ ಗೊತ್ತು. ಇವತ್ತು ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ, ಎದುರಿಗೆ ನಿಂತಿದ್ದ ಬೈಂದೂರಿನ ಬಸ್ಸು ಹತ್ತಿದೆ. ಬೈಂದೂರಿನಲ್ಲಿ ನನಗೆ ಯಾರೂ ಇಲ್ಲ. ಕಡಲಿನ ಬದಿಗೆ ನಡೆದು, ಸ್ವಲ್ಪ ಹೊತ್ತು ಮರಳಿನ ಮೇಲೆ ಕುಳಿತು, ಬಲೆ ಸರಿಮಾಡುತ್ತಿದ್ದವರನ್ನು ನೋಡಿ ವಾಪಸು ಬಂದೆ. ಅದರ ಮುಂದಿನ ಗುರುವಾರವೂ ಹಾಗೇ ಮಾಡಿದೆ. ಮೂರನೆಯ ಗುರುವಾರ ಆ ಬಲೆಯವರಲ್ಲಿ ಒಬ್ಬ, "ಹ್ವಾಯ್, ಎಂತಾರೂ ಕಳ್ಕಂಡ್ರ್ಯಾ ಇಲ್ಲಿ?" ಎಂದು ಕೇಳಿದ. ನಾಲ್ಕನೆಯ ಗುರುವಾರ ನಾನು ಕೋಣೆಯಲ್ಲೇ ಇದ್ದೆ.

ಚೇಷ್ಟೆಯೂ ಕೈಕೊಟ್ಟಿತು. ಹೋಟೆಲಿನಲ್ಲಿ ಪಕ್ಕದವನ ಸಕ್ಕರೆಯನ್ನು ನನ್ನ ಲೋಟಕ್ಕೆ ಹಾಕಿಕೊಂಡು ಸುಮ್ಮನೆ ಕೂರುವುದು ನನ್ನ ಹಳೆಯ ಆಟ. ಮಾಡಿದೆ. ಆತ ಇನ್ನೊಂದು ಪೊಟ್ಟಣ ಹರಿದು ಹಾಕಿಕೊಂಡು ಫೋನು ನೋಡುತ್ತ ಚಾ ಕುಡಿದ. ನನ್ನ ಚಾ ಕುಡಿಯಲಾರದಷ್ಟು ಸಿಹಿಯಾಗಿತ್ತು. ಒಂದು ದಿನ ದನಿ ಬದಲಿಸಿ ಸಾಹೇಬರಿಗೆ ಫೋನು ಮಾಡಿ ಯಾವುದೋ ಮ್ಯೂಸಿಯಮ್ಮಿನವನೆಂದು ಹೇಳೋಣ, ಅವರ ದನಿಯಾದರೂ ಕೇಳುತ್ತದೆ ಎಂದುಕೊಂಡೆ. ನಂಬರು ಒತ್ತುವ ಮೊದಲೇ ಬಿಟ್ಟೆ.

ಏಳನೆಯ ವಾರವೋ ಎಂಟನೆಯದೋ, ಊಟಕ್ಕೆ ಕುಳಿತಿದ್ದಾಗ ಫೋನು ಬಂತು. ನಮಸ್ಕಾರ ಇಲ್ಲ, ಹೇಗಿದ್ದೀ ಎಂದಿಲ್ಲ.

"ಏಳ್ರಗೆ ನಡೂಗ್ ಇದ್ದದ್ದ್ ಯಾವ್ದ್?"

"ಚಪ್ಪಟೆದ್," ಎಂದೆ. ಅದು ಖಂಡಿತ ಗೊತ್ತಿತ್ತು. ಎರಡೂ ಕಡೆಯಿಂದ ಮೂರು ಮೂರು ಬಿಡಿಸಿದ ಮೇಲೆ ಅದೊಂದೇ ಉಳಿದಿತ್ತು, ಹಟ ಮಾಡಿದ್ದೂ ಅದೇ.

"ಅದ್ರ ಎಡಕ್ಕೆ?"

ನಾನು ಅನ್ನದ ಕೈಯಲ್ಲೇ ಕುಳಿತೆ. ಎಡಕ್ಕೆ ಏಣಿನದು ಎನ್ನಬಹುದಿತ್ತು. ಉರುಟಿನದು ಎನ್ನಬಹುದಿತ್ತು. ಯಾವುದು ಹೇಳಿದರೂ ಅವರು ಈಗ ನಂಬುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದಿನದನ್ನು ಕಣ್ಣಿಗೆ ಕಟ್ಟಿದಂತೆ ಹೇಳುವ ಮುದುಕ ಎಂದು ಅವರ ಬರಹದಲ್ಲಿ ನನ್ನದೊಂದು ಸಾಲು ಬರುತ್ತಿತ್ತು. ಗುರುವಾರಗಳು ವಾಪಸು ಬರುತ್ತಿದ್ದವು. ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

"ನೆನ್ಪಿಲ್ಲೆ ಸಾರ್."

"ಬಲಕ್ಕೆ?"

"ಅದೂ ಇಲ್ಲೆ."

"ಗುರ್ವಾರ ಬಾ," ಎಂದು ಫೋನು ಇಟ್ಟರು.

ಹೋದೆ. ಮೈಕ್ರೋಸ್ಕೋಪು ಮುಚ್ಚಿಟ್ಟಿತ್ತು. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಪೆನ್ಸಿಲು. ಹಳೆಯ ಬರಹ ಕಾಣಲಿಲ್ಲ. ಅದನ್ನು ಏನು ಮಾಡಿದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ಕಂಡದ್ದನ್ನ್ ಬರಿ. ನೆನ್ಪಿದ್ದಷ್ಟೇ. ಚಂದ ಮಾಡುಕೆ ಹೋಯ್ಬೇಡ."

ನಡುವೆ ಚಪ್ಪಟೆಯದನ್ನು ಬರೆದೆ. ಒಂದು ತುದಿಗೆ ಉರುಟಿನದು, ಅದು ಮೊದಲು ಬಿಡಿಸಿದ್ದು, ನೆನಪಿತ್ತು. ಇನ್ನೊಂದು ತುದಿಗೆ ಏಣಿನದು, ಅದರ ಏಣು ನನ್ನ ಕಡೆಗೆ ಮುಖ ಮಾಡಿ ಬೆಳಕಿಗೆ ಮಿಂಚಿದ್ದು ನೆನಪಿತ್ತು. ಮೂರರ ತುದಿಯನ್ನೂ ಒಂದೇ ಕಡೆಗೆ ಬಗ್ಗಿಸಿದೆ. ನಡುವಿನ ನಾಲ್ಕು ಜಾಗದಲ್ಲಿ ಬರೀ ಸೊನ್ನೆ ಎಳೆದೆ. ಸಾಹೇಬರು ಪ್ರತಿ ಸೊನ್ನೆಯ ಮೇಲೂ ಬೆರಳಿಟ್ಟು ಕೇಳಿದರು.

"ಇದ್?"

"ಇಲ್ಲೆ."

"ಇದ್?"

"ಇಲ್ಲೆ ಸಾರ್."

ನಾಲ್ಕು ಸಲ ಕೇಳಿದರು, ನಾಲ್ಕು ಸಲ ಹೇಳಿದೆ. ಅಕ್ಕ ಚಾ ತಂದಿಟ್ಟು ಒಳಗೆ ಹೋದರು. ಸಾಹೇಬರು ಹಾಳೆಯ ಅಡಿಯಲ್ಲಿ, ಬಿಡಿಸುವ ಮೊದಲು ನೋಡಿದವನು ನೆನಪಿನಿಂದ ಬರೆದದ್ದು, ಸೊನ್ನೆ ಇರುವಲ್ಲಿ ಅವನಿಗೆ ನೆನಪಿಲ್ಲ, ಎಂದು ಬರೆದು ನನ್ನ ಕಡೆಗೆ ತಳ್ಳಿದರು. ಸಹಿ ಹಾಕಿದೆ. ಅಷ್ಟು ವರ್ಷ ಅವರ ಕೈಕೆಳಗೆ ದುಡಿದರೂ ಒಂದು ಚಿತ್ರದ ಕೆಳಗೆ ನನ್ನ ಸಹಿ ಬಿದ್ದದ್ದು ಅದೇ ಮೊದಲು. ಕಲೆಗಳನ್ನು ಅಳೆದು ಒಂದಕ್ಕೊಂದು ಹೊಂದಿಸಿ ನೋಡಲು ಆಗದೇ ಎಂದು ಕೇಳಿದೆ. ಆಗಲೇ ನೋಡಿದ್ದಾಗಿದೆ, ನಾಲ್ಕರದೂ ಒಂದೇ ಅಳತೆ, ಯಾವುದು ಬೇಕಾದರೂ ಎಲ್ಲಿಗೂ ಕೂರುತ್ತದೆ ಎಂದರು.

ನಾನು ಎದ್ದೆ. ಮುಂದಿನ ಗುರುವಾರ ಬರಲೇ ಎಂದು ಕೇಳಬೇಕೆಂದು ಬಾಗಿಲ ತನಕ ಯೋಚಿಸಿದೆ. ಅವರೇ ಹಿಂದಿನಿಂದ ಹೇಳಿದರು.

"ಹ್ವಾಯ್. ಆ ನಾಲ್ಕ್ ನೆನ್ಪಾರೆ ಫೋನ್ ಮಾಡ್. ಆಯ್ಲಿಲ್ಲಾ ಅಂದ್ರೆ ಸುಮ್ನೆ ಮಾಡುದ್ ಬೇಡ."

"ಆಯ್ತ್ ಸಾರ್."

ಅದಾಗಿ ಎರಡು ತಿಂಗಳಾಯಿತು. ದಿನಾ ಬೆಳಗ್ಗೆ ಕಿಟಕಿಯ ಬೆಳಕಿಗೆ ಕುಳಿತು ಕಣ್ಣು ಮುಚ್ಚಿ ಆ ಶನಿವಾರದ ಮಧ್ಯಾಹ್ನಕ್ಕೆ ಹೋಗುತ್ತೇನೆ. ಕಪ್ಪು ತಟ್ಟೆ ಕಾಣುತ್ತದೆ, ನೀರಿನ ತೊಟ್ಟು ಕಾಣುತ್ತದೆ, ನನ್ನ ಸೂಜಿಯ ತುದಿ ಕಾಣುತ್ತದೆ. ಸೂಜಿಯನ್ನು ಅಷ್ಟು ಚೆನ್ನಾಗಿ ನೋಡಿದ್ದೇನೆ, ಅದು ಯಾವುದನ್ನು ಯಾವುದರಿಂದ ಬಿಡಿಸುತ್ತಿದೆ ಎಂದು ನೋಡಿಯೇ ಇಲ್ಲ. ಇವತ್ತು ಗುರುವಾರ. ಫೋನು ಎದುರಿಗಿದೆ. ಒಂದು ಸುಳ್ಳು ಸಾಕು, ಬ್ರಹ್ಮಾವರದ ಬಸ್ಸು ಹತ್ತಬಹುದು. ನಾನು ಇನ್ನೂ ಮಾಡಿಲ್ಲ.